ಕಿಂದರಿಜೋಗಿಯ ಕೂಲಿ

ಮಾಂತ್ರಿಕನು ಊರ ಹೊರಗಣ ಸ್ಮಶಾನದಲ್ಲಿಯೋ ಏಳು ಕಡಲುಗಳಾಚೆಯ ಗುಹೆಯಲ್ಲಿಯೋ ವಾಸಿಸತಕ್ಕವನೆಂಬುದು ಬಹುಕಾಲದ ನಂಬಿಕೆ. ಈಚಿನ ಕೆಲವು ದಶಕಗಳಲ್ಲಿ ಅವನು ಪಟ್ಟಣಕ್ಕೆ ಬಂದು ಮನೆ ಮಾಡಿದ್ದಾನೆ. ರಷ್ಯದ ಲೇಖಕ ಸೆರ್ಗೇಯ್ ಲುಕ್ಯಾನೆಂಕೊ ೧೯೯೮ರಲ್ಲಿ ಪ್ರಕಟಿಸಿದ ‘ನೈಟ್ ವಾಚ್’ ಎಂಬ ಕಾದಂಬರಿಯಲ್ಲಿ ಮಾಸ್ಕೋ ನಗರದ ಮಾಂತ್ರಿಕರು ಎರಡು ಪಕ್ಷಗಳಾಗಿ ಒಡೆದು, ಹಗಲನ್ನು ಒಂದು ಪಕ್ಷವೂ ಇರುಳನ್ನು ಮತ್ತೊಂದು ಪಕ್ಷವೂ ಕಾಯುತ್ತವೆ. ಎರಡಕ್ಕೂ ನಡುವೆ ಒಂದು ಒಡಂಬಡಿಕೆ. ಬೆಳಕಿನ ಪಕ್ಷದವನು ಮಂತ್ರಬಲದಿಂದ ಯಾರಿಗಾದರೂ ಒಂದು ಉಪಕಾರ ಮಾಡಿದನೆಂದರೆ, ಕತ್ತಲೆಯ ಪಕ್ಷದವನಿಗೆ ಅಷ್ಟೇ ತೂಕದ ಒಂದು ಅಪಕಾರ ಮಾಡುವ ಹಕ್ಕು ಪ್ರಾಪ್ತವಾಗುತ್ತದೆ. ಹೀಗಾಗಿ ಕಣ್ಣೆದುರಿಗೆ ನೊಂದವನನ್ನು ಕಂಡೂ ಕೈಕಟ್ಟಿ ನಿಲ್ಲುವುದೇ ಸಜ್ಜನನ ಧರ್ಮವಾಗಿಬಿಡುತ್ತದೆ! ಅಮೆರಿಕದ ಜಿಮ್ ಬುಚರ್ ೨೦೦೦ದಲ್ಲಿ ಆರಂಭಿಸಿದ ಇನ್ನೊಂದು ಮಾಲಿಕೆಯ ನಾಯಕ ಹ್ಯಾರಿ ಡ್ರೆಸ್ಡನ್, ಶಿಕಾಗೊ ನಗರದ ಟೆಲಿಫೋನ್ ಡೈರೆಕ್ಟರಿಯಲ್ಲಿ ಮಾಂತ್ರಿಕನೆಂದೇ ತನ್ನ ಹೆಸರನ್ನು ಹಾಕಿಸಿಕೊಂಡಿರುವವನು. ತನಗೆ ವಿದ್ಯೆ ಕಲಿಸಿದವನನ್ನು ಆ ವಿದ್ಯೆಯಿಂದಲೇ ಕೊಂದ ಕಳಂಕ ಅವನ ಬೆನ್ನಿಗಂಟಿದೆ.

ಇಂತಹ ಪುಸ್ತಕಗಳನ್ನು ಕೈಯಲ್ಲಿ ಹಿಡಿದ ಕಾಲೇಜು ವಿದ್ಯಾರ್ಥಿಗಳು ಇಂದು ಮೈಸೂರಿನಲ್ಲಿಯೂ ಕಾಣಸಿಗುತ್ತಾರೆ. ಮನೆಯ ಹಿರಿಯರು ಇದೇನು ಹೊಸ ಹುಚ್ಚೆಂದು ಮೂಗು ಮುರಿಯುವುದೂ ಉಂಟು. ಪಟ್ಟಣದ ನಡುವೆ ಬಂದು ನಿಂತ ಮಾಂತ್ರಿಕ, ಅವನ ಕೈಯಲ್ಲಿ ಊರನ್ನು ಉಳಿಸುವ ಹಾಗೂ ಅಳಿಸುವ ವಿದ್ಯೆ, ಅವನ ಎದೆಯಲ್ಲಿ ಸರಿತಪ್ಪುಗಳ ತೊಳಲಾಟ—ಇವೆಲ್ಲವೂ ಹೊಸದೆಂದು ಬಗೆಯುವ ಆ ಹಿರಿಯರೇ ಬಾಲ್ಯದಲ್ಲಿ ಅಂತಹ ಒಬ್ಬನ ಕತೆಯನ್ನು ಬಾಯಿಪಾಠ ಮಾಡಿ ಶಾಲೆಯಲ್ಲಿ ಒಪ್ಪಿಸಿದವರು. ಆತನ ಬಳಿಗೆ ಹೋಗುವ ಮುನ್ನ ಅವನಿಗಿಂತ ಹಿರಿಯರಾದ ಕೆಲವರನ್ನು ನೋಡಿಕೊಂಡು ಹೋಗುವುದು ಮರ್ಯಾದೆ.

ಹಳೆಯ ಕತೆಗಳ ಮಾಂತ್ರಿಕನಿಗೆ ಮನಸ್ಸಿನ ಹೊಯ್ದಾಟ ಅಷ್ಟಾಗಿ ಇರಲಿಲ್ಲವೆಂಬುದು ನಿಜ. ೧೯೪೯ರಿಂದ ಕನ್ನಡದಲ್ಲಿ ಬರತೊಡಗಿದ ‘ಚಂದಮಾಮ’ದಲ್ಲಿ, ಛಲ ಬಿಡದ ವಿಕ್ರಮನು ಮರವೇರಿ ಹೆಣವನ್ನಿಳಿಸಿ ಹೆಗಲಿಗೇರಿಸುವ ಚಿತ್ರವನ್ನು ನೋಡುತ್ತ ಬೆಳೆದವರು ಈಗಲೂ ಅನೇಕರಿದ್ದಾರೆ. ಆ ಹೆಣವನ್ನು ತರಿಸುತ್ತಿದ್ದ ಭಿಕ್ಷುವಿನ ಹೆಸರು ಕ್ಷಾಂತಿಶೀಲ. ಹೆಸರೇನೋ ಕ್ಷಮೆಯದು, ಮಾಡಹೊರಟದ್ದು ಮಾತ್ರ ಹೆಣ ಹೊತ್ತು ತಂದ ರಾಜನನ್ನೇ ಬಲಿಗೊಡುವ ಕೆಲಸ. ಅವನಿಗೆ ಹಿಂದುಮುಂದು ನೋಡುವ ಪ್ರಶ್ನೆಯೇ ಇಲ್ಲ. ಪ್ರಶ್ನೆಗಳೆಲ್ಲ ಹೆಣದೊಳಗಿನ ಬೇತಾಳನವು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ತನ್ನ ‘ಕಥಾಸರಿತ್ಸಾಗರ’ದೊಳಗೆ ಸೇರಿಸಿದ ಬೇತಾಳನ ಕತೆಗಳಲ್ಲಿ ಎರಡು ನಮ್ಮ ಈ ವಿಚಾರಕ್ಕೆ ನೇರವಾಗಿ ಸಲ್ಲುತ್ತವೆ.

ಮೊದಲನೆಯದು ನಾಲ್ವರು ಅಣ್ಣತಮ್ಮಂದಿರದು. ವಿದ್ಯೆ ಕಲಿತು ಬಂದ ಅವರು ಕಾಡಿನಲ್ಲಿ ಬಿದ್ದಿದ್ದ ಎಲುಬನ್ನು ಕಂಡು ತಮ್ಮ ತಮ್ಮ ಕೌಶಲವನ್ನು ಮೆರೆಯಹೋದರು. ಒಬ್ಬನು ಮಾಂಸವನ್ನೂ, ಒಬ್ಬನು ತೊಗಲು ರೋಮಗಳನ್ನೂ, ಒಬ್ಬನು ಉಳಿದ ಅಂಗಗಳನ್ನೂ ಕೂಡಿಸಿದನು, ಕೊನೆಯವನು ಜೀವವನ್ನಿತ್ತನು. ಎದ್ದದ್ದು ಸಿಂಹ. ಅದು ನಾಲ್ವರನ್ನೂ ತಿಂದುಹಾಕಿತು. ಪಾಪ ಯಾರದು? ಜೀವವಿತ್ತವನದೆಂದು ರಾಜನ ಉತ್ತರ. ಏಕೆಂದರೆ ಉಳಿದವರಿಗೆ ಅದು ಏನಾಗಲಿದೆಯೆಂದು ತಿಳಿದಿರಲಿಲ್ಲ, ಸಿಂಹವೆಂದು ಕಣ್ಣಿಗೆ ಕಂಡಮೇಲೂ ಮಂತ್ರ ಹಾಕಿದವನು ಅವನೊಬ್ಬನೇ. ಎರಡನೆಯದು ಸತ್ತ ಕನ್ಯೆಯೊಬ್ಬಳನ್ನು ಬಯಸಿದ್ದ ಮೂವರು ತರುಣರದು. ಒಬ್ಬನು ಆಕೆಯ ಬೂದಿಯ ಮೇಲೆ ಮಲಗಿ ಕಾದನು. ಒಬ್ಬನು ಅಸ್ಥಿಯನ್ನು ಗಂಗೆಗೆ ಒಯ್ದನು. ಮೂರನೆಯವನು ಅಲೆಯುತ್ತ ಹೋಗಿ, ಉಂಡ ಮನೆಯಲ್ಲಿಯೇ ಮೃತಸಂಜೀವನದ ಮಂತ್ರವಿದ್ದ ಪುಸ್ತಕವನ್ನು ಕದ್ದು ತಂದು ಆಕೆಯನ್ನು ಬದುಕಿಸಿದನು. ಹುಡುಗಿ ಯಾರಿಗೆ ಸಲ್ಲಬೇಕು? ಬೂದಿಯ ಮೇಲೆ ಮಲಗಿದವನಿಗೆ. ಜೀವವಿತ್ತವನು ತಂದೆಯಾದನು, ಗಂಡನಾಗಲಾರನು. ಮಾಂತ್ರಿಕನು ತನ್ನ ವಿದ್ಯೆಗೆ ಪಡೆದ ಪ್ರತಿಫಲ ಇಷ್ಟೇ: ಬಯಸಿದವಳನ್ನು ಬದುಕಿಸಿ, ಆ ಬದುಕಿಸಿದ್ದರಿಂದಲೇ ಆಕೆಯನ್ನು ಕಳೆದುಕೊಂಡನು.

ಹೀಗೆ ಬೇತಾಳನ ಕತೆಗಳಲ್ಲಿ ಧರ್ಮಸೂಕ್ಷ್ಮವೆಲ್ಲ ಕೇಳುವವನ ಪಾಲಿಗೆ ಬಿಟ್ಟದ್ದು. ಮಂತ್ರ ಹಾಕುವವನಿಗೆ ಅದರ ಬೇಗೆ ತಟ್ಟುವುದಿಲ್ಲ. ಆ ಬೇಗೆಯನ್ನು ಮಾಂತ್ರಿಕನ ಎದೆಯೊಳಕ್ಕೇ ಇಳಿಸಿದ ಕತೆಗಳು ಮೈಸೂರಿನ ಪುಸ್ತಕಗಳಲ್ಲಿವೆ.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಕೇಳದ ಕನ್ನಡದ ಮಗು ವಿರಳ. ೧೯೦೪ರಲ್ಲಿ ಹುಟ್ಟಿ, ಮಲೆನಾಡಿನಿಂದ ಮೈಸೂರಿಗೆ ಓದಲು ಬಂದ ಪುಟ್ಟಪ್ಪನವರು ಮೊದಮೊದಲು ಕವಿತೆ ಕಟ್ಟಿದ್ದು ಇಂಗ್ಲಿಷಿನಲ್ಲಿ. ೧೯೨೨ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಅವರ ಪುಸ್ತಿಕೆಯೂ ಅಚ್ಚಾಗಿತ್ತು. ೧೯೨೪ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ತರುಣನ ರಚನೆಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯಬೇಕೆಂದು ಬುದ್ಧಿಹೇಳಿದರು. ಅದರಿಂದ ಕನ್ನಡಕ್ಕೆ ಆದ ಲಾಭವನ್ನು ಇಲ್ಲಿ ಎಣಿಸುವುದು ಬೇಡ. ಇಂಗ್ಲಿಷಿನ ಕವಿತೆಯೊಂದನ್ನು ಕನ್ನಡದ ನೆಲದಲ್ಲಿ ನೆಟ್ಟು, ಅದು ಪರದೇಶದ ಸಸಿಯೆಂಬುದೇ ಮರೆಯುವಂತೆ ಬೆಳೆಸುವ ಕೈ ಎಂತಹುದೆಂಬುದಕ್ಕೆ ಕಿಂದರಿಜೋಗಿಯೊಬ್ಬನೇ ಸಾಕು.

ಮೂಲ ರಾಬರ್ಟ್ ಬ್ರೌನಿಂಗನದು. ಕಾಯಿಲೆಯಿಂದ ಮಲಗಿದ್ದ ಹುಡುಗನೊಬ್ಬನ, ನಟ ಮೆಕ್ರೀಡಿಯ ಮಗನ, ಬೇಸರ ಕಳೆಯಲೆಂದು ಬ್ರೌನಿಂಗನು ಅದನ್ನು ಬರೆದು ೧೮೪೨ರಲ್ಲಿ ಪ್ರಕಟಿಸಿದನು. ಜರ್ಮನಿಯ ಹ್ಯಾಮೆಲಿನ್ ಪಟ್ಟಣದಲ್ಲಿ ಇಲಿಗಳ ಕಾಟ. ಬಣ್ಣಬಣ್ಣದ ಉಡುಪಿನ ಅಪರಿಚಿತನೊಬ್ಬ ಬಂದು, ಸಾವಿರ ನಾಣ್ಯಗಳ ಮಾತಾಗಿ, ಕೊಳಲನ್ನೂದಿ ಇಲಿಗಳನ್ನೆಲ್ಲ ವೇಸರ್ ನದಿಗೆ ಸೆಳೆದೊಯ್ಯುತ್ತಾನೆ. ಕೆಲಸವಾದ ಮೇಲೆ ಪಟ್ಟಣದ ಮೇಯರು ಐವತ್ತು ನಾಣ್ಯ ತೆಗೆದುಕೊಂಡು ಹೋಗೆನ್ನುತ್ತಾನೆ. ಕೊಳಲುಗಾರನು ಮತ್ತೊಮ್ಮೆ ಊದುತ್ತಾನೆ. ಈ ಸಲ ಹಿಂಬಾಲಿಸುವವರು ಮಕ್ಕಳು. ಬೆಟ್ಟ ಬಾಯ್ದೆರೆಯುತ್ತದೆ, ಮಕ್ಕಳು ಒಳಹೊಗುತ್ತಾರೆ, ಬೆಟ್ಟ ಮುಚ್ಚಿಕೊಳ್ಳುತ್ತದೆ. ಓಡಲಾರದೆ ಹಿಂದೆ ಬಿದ್ದ ಕುಂಟ ಹುಡುಗನೊಬ್ಬನು ಮಾತ್ರ ಉಳಿಯುತ್ತಾನೆ.

ಕುವೆಂಪು ಅವರಲ್ಲಿ ವೇಸರ್ ನದಿ ತುಂಗೆಯಾಯಿತು. ಮೇಯರನು ಊರ ಗೌಡನಾದನು. ಕೊಳಲುಗಾರನು ಜೋಗಿಯಾದನು. ಈ ಕೊನೆಯ ಮಾರ್ಪಾಡು ಬರಿಯ ವೇಷದ ಬದಲಾವಣೆಯಲ್ಲ. ಕಿಂದರಿಯೆಂದರೆ ಕಿನ್ನರಿ, ಬಿದಿರ ದಂಡಿಗೆಗೆ ಸೋರೆಬುರುಡೆಗಳನ್ನು ಕಟ್ಟಿ ತಂತಿ ಬಿಗಿದ ವಾದ್ಯ. ಅದನ್ನು ನುಡಿಸುತ್ತ ಭಾರತದ ಕತೆಗಳನ್ನು ಹಾಡಿ ಮನೆಮನೆಯ ಬಾಗಿಲಲ್ಲಿ ನಿಲ್ಲುವ ಕಿನ್ನರಿಜೋಗಿಗಳು ಕನ್ನಡ ನಾಡಿಗೆ ಹೊಸಬರಲ್ಲ. ಜೋಗಿಗೆ ಜನ ಕೊಡುವುದು ಭಿಕ್ಷೆ. ಒಂದು ಹಿಡಿ ಅಕ್ಕಿ, ಒಂದು ಹಳೆಯ ಬಟ್ಟೆ. ಅದರಲ್ಲಿ ಒಂದು ಹೆದರಿಕೆಯೂ ಬೆರೆತಿರುತ್ತದೆ, ಬರಿಗೈಯಲ್ಲಿ ಕಳುಹಿಸಿದರೆ ಏನು ಶಪಿಸುವನೋ ಎಂದು. ಅಂತಹವನು ಭಿಕ್ಷೆಯನ್ನು ಬೇಡದೆ ಮಾಡಿದ ಕೆಲಸಕ್ಕೆ ಕೂಲಿಯನ್ನು ಕೇಳಿದಾಗ ಗೌಡನಿಗೆ ಅದು ವಿಪರೀತವಾಗಿ ತೋರುವುದು ಸಹಜವೇ. ಜೋಗಿಗೇಕೆ ಹಣ? ಹ್ಯಾಮೆಲಿನ್ನಿನ ಮೇಯರನು ಬರಿಯ ಜಿಪುಣನೆಂದು ತೋರಿದರೆ, ಬೊಮ್ಮನಹಳ್ಳಿಯ ಗೌಡನ ಹಿಂದೆ ಒಂದು ಊರಿನ ರೂಢಿಯೇ ನಿಂತಿದೆಯೆಂದು ನನಗೆ ಅನ್ನಿಸುತ್ತದೆ. ದುಡಿದವನನ್ನು ಬೇಡುವವನೆಂದು ಕಾಣುವ ರೂಢಿ ಅದು.

ಜೋಗಿಯ ಪಕ್ಷದಲ್ಲಿ ನ್ಯಾಯವಿದೆ. ಮಾಡಿದ ಕೆಲಸ ಪಕ್ಕಾ, ಆಡಿದ ಮಾತು ಬಹಿರಂಗ, ಮೋಸವೂ ಬಹಿರಂಗ. ಅಷ್ಟರ ಮೇಲೂ ಅವನು ಕೈಹಾಕಿದ್ದು ಗೌಡನ ತಿಜೋರಿಗಲ್ಲ. ಒಪ್ಪಂದ ಮಾಡದ, ಮಾತು ಮುರಿಯದ, ಇಲಿ ಹೋದುದಕ್ಕೆ ಎಲ್ಲರಿಗಿಂತ ಹೆಚ್ಚು ಕುಣಿದಾಡಿರಬಹುದಾದ ಮಕ್ಕಳ ಮೇಲೆ. ಮನಸ್ಸು ಮಾಡಿದ್ದರೆ ಅವನು ಗೌಡನನ್ನೇ ಕುಣಿಸುತ್ತ ತುಂಗೆಗೆ ಇಳಿಸಬಹುದಿತ್ತು. ಯಾರೂ ಅವನನ್ನು ತಪ್ಪುಗಾರನೆನ್ನುತ್ತಿರಲಿಲ್ಲ. ಹಾಗೆ ಮಾಡಲಿಲ್ಲವೇಕೆಂಬುದೇ ಈ ಕತೆಯ ಮುಳ್ಳು. ಈ ಕತೆಯನ್ನು ಮಕ್ಕಳಿಗೆ ಹೇಳುವ ಹಿರಿಯರು, ನೋಡಿ, ಕೊಟ್ಟ ಮಾತನ್ನು ತಪ್ಪಬಾರದು ಎಂದು ಮುಗಿಸುತ್ತಾರೆ. ಬ್ರೌನಿಂಗನೂ ಅದನ್ನೇ ಹೇಳಿ ಮುಗಿಸುತ್ತಾನೆ. ಆದರೆ ಕೇಳುವ ಮಗುವಿನ ಕಣ್ಣು ನೆಟ್ಟಿರುವುದು ಗೌಡನ ಮೇಲಲ್ಲ, ಮುಚ್ಚಿಕೊಂಡ ಬೆಟ್ಟದ ಮೇಲೆ.

ಹ್ಯಾಮೆಲಿನ್ನಿನ ಹಳೆಯ ದಾಖಲೆಗಳನ್ನು ಶೋಧಿಸಿದವರಿಗೆ ಇಲ್ಲಿ ಒಂದು ಸೋಜಿಗ ಕಾದಿತ್ತು. ೧೨೮೪ನೆಯ ಇಸವಿ ಜೂನ್ ೨೬ರಂದು ಊರಿನ ೧೩೦ ಮಕ್ಕಳು ಕೊಳಲುಗಾರನೊಬ್ಬನ ಹಿಂದೆ ಹೋಗಿ ಮರೆಯಾದರೆಂದು ಹದಿನೈದನೆಯ ಶತಮಾನದ ಹಸ್ತಪ್ರತಿಯೊಂದು ಹೇಳುತ್ತದೆ. ಅದರಲ್ಲಿ ಇಲಿಗಳ ಸುದ್ದಿಯೇ ಇಲ್ಲ! ಇಲಿಗಳು ಕತೆಯೊಳಕ್ಕೆ ಬಂದದ್ದು ಹದಿನಾರನೆಯ ಶತಮಾನದ ನಡುವಿನಲ್ಲಿ. ಅಂದರೆ ಮೊದಲಿಗೆ ಇದ್ದವನು ಕಾರಣವಿಲ್ಲದೆ ಮಕ್ಕಳನ್ನು ಕದ್ದೊಯ್ದ ಒಬ್ಬ ಕಳ್ಳ. ಮಕ್ಕಳು ಮೂಡಲ ಸೀಮೆಯ ಹೊಸ ನೆಲಗಳಿಗೆ ವಲಸೆ ಹೋದ ತರುಣರಿರಬೇಕೆಂದೂ, ಯಾವುದೋ ಜಾಡ್ಯಕ್ಕೆ ಬಲಿಯಾದವರಿರಬೇಕೆಂದೂ ವಿದ್ವಾಂಸರು ಊಹಿಸಿದ್ದಾರೆ. ಏನೇ ಇರಲಿ, ಮಕ್ಕಳನ್ನು ಕಳೆದುಕೊಂಡ ಊರು ಎರಡು ಮೂರು ಶತಮಾನ ಆ ನೋವನ್ನು ನೆನೆಯುತ್ತ ಕುಳಿತು, ಕಡೆಗೆ ತನ್ನನ್ನೇ ತಪ್ಪುಗಾರನಾಗಿ ಮಾಡಿಕೊಂಡಿತು. ಕಳ್ಳನಿಗೆ ಕೆಲಸ ಕೊಟ್ಟಿತು, ಕೂಲಿ ಗೊತ್ತುಮಾಡಿತು, ಆ ಕೂಲಿಯನ್ನು ತಾನೇ ನುಂಗಿತು. ಮಕ್ಕಳು ಸುಮ್ಮನೆ ಹೋದರೆಂಬುದಕ್ಕಿಂತ, ತಮ್ಮ ತಪ್ಪಿನಿಂದ ಹೋದರೆಂಬುದು ಮನುಷ್ಯನಿಗೆ ಸಹ್ಯವೆಂದು ತೋರುತ್ತದೆ. ಮಕ್ಕಳು ಕೊನೆಯದಾಗಿ ನಡೆದುಹೋದರೆನ್ನುವ ಬೀದಿಯೊಂದು ಆ ಊರಿನಲ್ಲಿ ಇಂದಿಗೂ ಇದೆ. ಅಲ್ಲಿ ವಾದ್ಯ ಬಾರಿಸುವಂತಿಲ್ಲ.

ಮೈಸೂರಿಗಾದರೋ ಇಲಿ ಕೇವಲ ಕತೆಯ ಪ್ರಾಣಿಯಾಗಿರಲಿಲ್ಲ. ೧೮೯೪ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡರು; ೧೮೯೭ರಲ್ಲಿ, ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿಯೇ, ಮರದ ಹಳೆಯ ಅರಮನೆಗೆ ಬೆಂಕಿ ಬಿದ್ದಿತು; ೧೮೯೮ರಲ್ಲಿ ಪ್ಲೇಗು ಬಂದಿತು. ‘ಇಲಿ ಬಿತ್ತು’ ಎಂಬ ಎರಡು ಮಾತುಗಳು ಆ ಕಾಲದ ಮನೆಗಳಲ್ಲಿ ಹುಟ್ಟಿಸುತ್ತಿದ್ದ ನಡುಕವನ್ನು ಅಜ್ಜಿಯರ ಬಾಯಿಂದ ಕೇಳಿದವರು ಬಲ್ಲರು. ತೊಲೆಯ ಮೇಲಿಂದ ಒಂದು ಇಲಿ ಸತ್ತು ಬಿದ್ದರೆ ಪಾತ್ರೆ ಪಡಗಗಳನ್ನು ಗಂಟು ಕಟ್ಟಿ, ಮನೆಗೆ ಬೀಗ ಹಾಕಿ, ಊರ ಹೊರಗೆ ಗುಡಿಸಲು ಹಾಕಿಕೊಂಡು ಇರಬೇಕಾಗುತ್ತಿತ್ತು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಮನುಷ್ಯನಿಗೆ ತರುವುದೆಂದು ಫ್ರಾನ್ಸಿನ ಪಾಲ್ ಲೂಯಿ ಸಿಮೊಂದ್ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ್ದೂ ಆ ೧೮೯೮ರಲ್ಲಿಯೇ. ಆದರೆ ಲೋಕ ಅದನ್ನು ಒಪ್ಪಲು ವರ್ಷಗಳು ಹಿಡಿದವು. ಮೈಸೂರಿನಲ್ಲಿ ೧೯೦೩ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ವಿಶ್ವಸ್ತ ಮಂಡಲಿ ಹುಟ್ಟಿತು. ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ, ಗಾಳಿ ಬೆಳಕು ಆಡುವ ಹೊಸ ಬಡಾವಣೆಗಳನ್ನು ಹಾಕಿದರು. ಇಂದು ಹೊರಗಿನವರು ಬಂದು ಕೊಂಡಾಡುವ ಮೈಸೂರಿನ ಅಗಲವಾದ ಬೀದಿಗಳ ಹಿಂದೆ ಇಲಿಯ ಭಯವೂ ಒಂದಿಷ್ಟು ಇದೆ.

ಇಲಿಗೂ ಕೂಲಿಗೂ ಇರುವ ನಂಟಿನ ಇನ್ನೊಂದು ಕತೆ ವಿಯೆಟ್ನಾಮಿನ ಹನೋಯ್ ನಗರದ್ದು. ೧೯೦೨ರಲ್ಲಿ ಅಲ್ಲಿನ ಫ್ರೆಂಚ್ ಸರ್ಕಾರ ಇಲಿಯ ಬಾಲವೊಂದಕ್ಕೆ ಇಷ್ಟೆಂದು ಬಹುಮಾನ ಸಾರಿತು. ಬಾಲಗಳು ರಾಶಿರಾಶಿಯಾಗಿ ಬಂದವು. ಊರ ತುಂಬ ಬಾಲವಿಲ್ಲದ ಇಲಿಗಳು ಓಡಾಡಿದವು. ಕೊನೆಗೆ ನೋಡಿದರೆ ಜನ ಇಲಿಗಳನ್ನು ಸಾಕುತ್ತಿದ್ದರು. ಅಲ್ಲಿಗೆ ಯಾವ ಜೋಗಿಯೂ ಬರಲಿಲ್ಲ.

ಅರಮನೆಗೆ ಸಂಕಟ ಬಂದಾಗಲೆಲ್ಲ ಮೈಸೂರಿನ ಜನ ನೆನೆಯುವ ಹೆಸರೊಂದಿದೆ. ಅಲಮೇಲಮ್ಮ. ಆಕೆ ಮಾಂತ್ರಿಕಳಲ್ಲ, ಯಾವ ವಿದ್ಯೆಯನ್ನೂ ಕಲಿತವಳಲ್ಲ. ಆದರೂ ಆಕೆಯ ಬಾಯಿಂದ ಬಂದ ಮಾತು ನಾನೂರು ವರ್ಷ ಸವೆಯದೆ ಉಳಿದಿದೆ. ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಬಳಿಕ, ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನ ಮಡದಿಯಾದ ಆಕೆಯ ಬಳಿಯಿದ್ದ ಒಡವೆಗಳಿಗಾಗಿ ಆಳುಗಳು ಬಂದರಂತೆ. ಆಕೆ ಒಡವೆಗಳೊಡನೆ ಕಾವೇರಿಗೆ ಹಾರಿಕೊಂಡಳಂತೆ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂಬುದು ಆಕೆಯ ಶಾಪವೆಂದು ಐತಿಹ್ಯ. ವಂಶಾವಳಿಯನ್ನು ಮುಂದಿಟ್ಟುಕೊಂಡು ಲೆಕ್ಕಹಾಕಿದರೆ ಈ ಶಾಪ ಎಲ್ಲೆಡೆಯೂ ತಾಳೆ ಬೀಳುವುದಿಲ್ಲ. ಹತ್ತನೆಯ ಚಾಮರಾಜ ಒಡೆಯರಿಗೆ ಇಬ್ಬರು ಗಂಡುಮಕ್ಕಳಿದ್ದರು, ಜಯಚಾಮರಾಜ ಒಡೆಯರಿಗೂ ಮಗನಿದ್ದರು, ೨೦೧೭ರಲ್ಲಿಯೂ ಅರಮನೆಯಲ್ಲಿ ತೊಟ್ಟಿಲು ಕಟ್ಟಿದರು. ಆದರೆ ನಡುನಡುವೆ ಆದ ದತ್ತುಸ್ವೀಕಾರಗಳೇ ಜನರ ನೆನಪಿನಲ್ಲಿ ನಿಲ್ಲುವುವು.

ನನ್ನ ಗಮನವನ್ನು ಸೆಳೆಯುವುದು ಶಾಪ ಫಲಿಸಿತೋ ಇಲ್ಲವೋ ಎಂಬುದಲ್ಲ, ಶಾಪ ತಗಲಿದ್ದು ಯಾರಿಗೆ ಎಂಬುದು. ಅಪರಾಧ ದೊಡ್ಡವರದು, ದಂಡ ಇನ್ನೂ ಹುಟ್ಟದ ಮಕ್ಕಳಿಗೆ. ಬೊಮ್ಮನಹಳ್ಳಿಯಲ್ಲಿ ನಡೆದದ್ದೂ ಅದೇ ಅಲ್ಲವೆ? ಅನ್ಯಾಯಕ್ಕೊಳಗಾದವರ ಕೈಗೆ ಬಲ ಬಂದಾಗ ಅದು ಎದುರಾಳಿಯ ಮೈಯನ್ನು ಬಿಟ್ಟು ಅವನ ಕರುಳನ್ನು ಹುಡುಕುತ್ತದೆ. ಅರಮನೆಯವರು ಅಲಮೇಲಮ್ಮನ ವಿಗ್ರಹವನ್ನು ಮಾಡಿಸಿ ಪೂಜೆ ನಡೆಸಿಕೊಂಡು ಬಂದರು. ಕೊಡದೆ ಹೋದ ಕೂಲಿಯನ್ನು ತಲೆತಲಾಂತರದಿಂದ ಕಂತಿನಲ್ಲಿ ಸಲ್ಲಿಸಿದಂತೆ.

ಕಿಂದರಿಜೋಗಿಯನ್ನು ಸೃಷ್ಟಿಸಿದ ಕವಿಯೇ ಇನ್ನೊಬ್ಬ ಮಾಂತ್ರಿಕನನ್ನೂ ಕನ್ನಡಕ್ಕೆ ಕರೆತಂದರು. ೧೯೩೦ರಲ್ಲಿ ಪ್ರಕಟವಾದ ‘ಬಿರುಗಾಳಿ’, ಷೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ನಾಟಕದ ರೂಪಾಂತರ. ಆಗ ಕುವೆಂಪು ಅವರು ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿ ಸೇರಿ ಹೆಚ್ಚು ದಿನಗಳಾಗಿರಲಿಲ್ಲ; ವಯಸ್ಸು ಇಪ್ಪತ್ತೈದರ ಆಸುಪಾಸು. ಪುಸ್ತಕದ ಹುಚ್ಚಿನಿಂದ ರಾಜ್ಯವನ್ನೇ ಕಳೆದುಕೊಂಡವನೊಬ್ಬನ ಕತೆಯನ್ನು ಹೊಸ ಅಧ್ಯಾಪಕರೊಬ್ಬರು ಆರಿಸಿಕೊಂಡದ್ದು ತಮಾಷೆಯಾಗಿಯೇ ಇದೆ.

ಮೂಲ ನಾಟಕದ ಪ್ರಾಸ್ಪೆರೊ ಮಿಲಾನ್ ನಗರದ ದೊರೆ. ಗ್ರಂಥಗಳಲ್ಲಿ ಮುಳುಗಿದ್ದಾಗ ತಮ್ಮನೇ ಪಟ್ಟವನ್ನು ಕಸಿದು, ಅಣ್ಣನನ್ನೂ ಅವನ ಎಳೆಯ ಮಗಳನ್ನೂ ಹರುಕು ದೋಣಿಯಲ್ಲಿ ಕಡಲಿಗೆ ನೂಕಿದನು. ಹನ್ನೆರಡು ವರ್ಷಗಳ ತರುವಾಯ ಆ ತಮ್ಮನೂ ಅವನಿಗೆ ನೆರವಾದ ನೇಪಲ್ಸಿನ ದೊರೆಯೂ ಏರಿದ ಹಡಗು ಪ್ರಾಸ್ಪೆರೊನ ದ್ವೀಪದ ಬಳಿಗೆ ಬರುತ್ತದೆ. ಬಿರುಗಾಳಿಯೆಬ್ಬಿಸಿ ಎಲ್ಲರನ್ನೂ ದಡಕ್ಕೆ ಎಳೆತರುವ ಶಕ್ತಿ ಈಗ ಅವನಿಗಿದೆ. ಜೋಗಿಗಿದ್ದಂತೆಯೇ ನ್ಯಾಯವೂ ಅವನ ಕಡೆಗಿದೆ. ಅಷ್ಟೇಕೆ, ಜೋಗಿಗೆ ದೊರಕಿದಂತೆಯೇ ಶತ್ರುವಿನ ಮಗನೂ ಅವನ ಕೈಗೆ ಸಿಕ್ಕಿದ್ದಾನೆ. ನೇಪಲ್ಸಿನ ದೊರೆ ತನ್ನ ಮಗ ಮುಳುಗಿ ಸತ್ತನೆಂದು ಎದೆ ಬಡಿದುಕೊಳ್ಳುತ್ತಿರುವಾಗ ಆ ಹುಡುಗ ಪ್ರಾಸ್ಪೆರೊನ ಗವಿಯ ಮುಂದೆ ಸೌದೆ ಹೊರುತ್ತಿರುತ್ತಾನೆ. ಕತೆ ಬೊಮ್ಮನಹಳ್ಳಿಯ ದಾರಿಯನ್ನೇ ಹಿಡಿಯಬಹುದಿತ್ತು. ಅದನ್ನು ತಿರುಗಿಸಿದ್ದು ಮನುಷ್ಯನೇ ಅಲ್ಲದ ಒಂದು ಗಾಳಿಯ ಚೇತನ, ಏರಿಯಲ್. ಸೆರೆಯಾದವರ ದುಃಖವನ್ನು ಕಂಡರೆ ನಿಮ್ಮ ಮನಸ್ಸು ಕರಗೀತು, ನಾನು ಮನುಷ್ಯನಾಗಿದ್ದರೆ ನನ್ನದಂತೂ ಕರಗುತ್ತಿತ್ತು ಎಂಬ ಅರ್ಥದ ಮಾತನ್ನು ಅದು ಆಡುತ್ತದೆ. ಮಾಂತ್ರಿಕನು ನಾಚುತ್ತಾನೆ. ಶತ್ರುಗಳನ್ನು ಕ್ಷಮಿಸುತ್ತಾನೆ, ಮಗಳನ್ನು ಶತ್ರುವಿನ ಮಗನಿಗೆ ಕೊಡುತ್ತಾನೆ, ಮಂತ್ರದಂಡವನ್ನು ಮುರಿದು ಗ್ರಂಥವನ್ನು ಕಡಲಿಗೆಸೆಯುವೆನೆನ್ನುತ್ತಾನೆ.

ಕ್ಷಮೆಯ ಈ ಕತೆ ಬಹು ಸೊಗಸಾದುದೆಂದು ಹೇಳಿ ಮುಂದೆ ಹೋಗಬಹುದಾಗಿತ್ತು, ಕೂಲಿಯ ಪ್ರಶ್ನೆಯೊಂದು ಇಲ್ಲಿಯೂ ಅಡ್ಡ ಬರದಿದ್ದರೆ. ನಾಟಕದ ಮೊದಲ ಅಂಕದಲ್ಲಿಯೇ ಏರಿಯಲ್ ತನ್ನ ಸೇವೆಗೆ ಪ್ರತಿಯಾಗಿ ಮಾತುಕೊಟ್ಟಿದ್ದ ಬಿಡುಗಡೆಯನ್ನು ಕೇಳುತ್ತದೆ. ಪ್ರಾಸ್ಪೆರೊ ಕೆರಳುತ್ತಾನೆ, ಹಿಂದೆ ನಿನ್ನನ್ನು ಮಾಟಗಾತಿ ಸೀಳುಮರದಲ್ಲಿ ಸೆರೆಯಿಟ್ಟಿದ್ದಾಗ ಬಿಡಿಸಿದವನು ನಾನಲ್ಲವೆ, ಹೆಚ್ಚು ಮಾತಾಡಿದರೆ ಮತ್ತೊಂದು ಮರಕ್ಕೆ ಹಾಕುವೆನೆಂದು ಗದರಿಸುತ್ತಾನೆ. ಇತ್ತ ಸೌದೆ ನೀರು ಹೊರುವ ಕ್ಯಾಲಿಬನ್ನನದು ಬೇರೆಯೇ ದೂರು: ಈ ದ್ವೀಪ ನನ್ನ ತಾಯಿಯದು, ನನ್ನದು, ನೀನು ಬಂದು ಕಸಿದುಕೊಂಡೆ. ತಮ್ಮನು ತನಗೆ ಮಾಡಿದ್ದನ್ನೇ ಪ್ರಾಸ್ಪೆರೊ ಇನ್ನೊಬ್ಬನಿಗೆ ಮಾಡಿದ್ದಾನೆ! ಪರರ ಆಳ್ವಿಕೆಯನ್ನು ಉಂಡ ದೇಶಗಳ ಓದುಗರು ಇಪ್ಪತ್ತನೆಯ ಶತಮಾನದಲ್ಲಿ ಈ ನಾಟಕವನ್ನು ಕ್ಯಾಲಿಬನ್ನನ ಕಡೆಯಿಂದ ಓದತೊಡಗಿದ್ದು ಆಶ್ಚರ್ಯವಲ್ಲ. ಮೇಲಿನವರು ಮಾಡಿದ ಮೋಸವನ್ನು ಕ್ಷಮಿಸುವಷ್ಟು ದೊಡ್ಡವನಾದ ಮಾಂತ್ರಿಕನು ಕೆಳಗಿನವರ ಸಾಲವನ್ನು ಕೊನೆಯ ಗಳಿಗೆಯವರೆಗೂ ಉಳಿಸಿಕೊಂಡನು. ಜೋಗಿಯೂ ಗೌಡನೂ ಅವನೊಬ್ಬನಲ್ಲಿಯೇ ಸೇರಿದ್ದಾರೆ. ಏರಿಯಲ್ಲಿಗೆ ಬಿಡುಗಡೆ ಸಿಕ್ಕಿತು, ತಡವಾಗಿಯಾದರೂ.

ಇನ್ನು ಮೂರನೆಯವನು. ಇವನಿಗೆ ಮಂತ್ರವೇ ಬಾರದು.

ಆರ್. ಕೆ. ನಾರಾಯಣರು ೧೯೦೬ರಲ್ಲಿ ಮದರಾಸಿನಲ್ಲಿ ಹುಟ್ಟಿದರೂ ಬಾಳಿನ ಬಹುಭಾಗವನ್ನು ಕಳೆದದ್ದು ಮೈಸೂರಿನಲ್ಲಿ. ಅವರೂ ಮಹಾರಾಜಾ ಕಾಲೇಜಿನಲ್ಲಿ ಓದಿ ೧೯೩೦ರಲ್ಲಿ ಪದವಿ ಪಡೆದವರು, ‘ಬಿರುಗಾಳಿ’ ಹೊರಬಂದ ವರ್ಷವೇ. ಪೇಟೆಯ ಬೀದಿಗಳಲ್ಲಿ ಕಾಲ್ನಡೆಯಲ್ಲಿ ಅಲೆಯುತ್ತ, ಕಂಡವರೊಡನೆ ಮಾತಾಡುತ್ತ ಹೋಗುವುದು ಅವರ ನಿತ್ಯದ ಅಭ್ಯಾಸವಾಗಿತ್ತು. ಯಾದವಗಿರಿಯ ಅವರ ಮನೆ ೨೦೧೬ರಿಂದ ಸ್ಮಾರಕವಾಗಿದೆ. ಅವರು ಕಲ್ಪಿಸಿದ ಮಾಲ್ಗುಡಿ ಮೈಸೂರಲ್ಲ. ಆದರೂ ೧೯೪೭ರಲ್ಲಿ ಪ್ರಕಟವಾದ ಸಂಕಲನದ ಮೊದಲ ಕತೆಯಲ್ಲಿ, ಟೌನ್ ಹಾಲಿನ ಉದ್ಯಾನದ ದಾರಿಯಲ್ಲಿ ಹುಣಿಸೆಮರದ ಕೆಳಗೆ ಕವಡೆ, ತಾಳೆಗರಿ, ಅರ್ಥವಾಗದ ಚಕ್ರಗಳನ್ನು ಬರೆದ ಬಟ್ಟೆ ಇವನ್ನು ಹರಡಿಕೊಂಡು ಕುಳಿತಿರುವ ಜೋಯಿಸನನ್ನು ಕಂಡಾಗ, ಮೈಸೂರಿನ ಓದುಗನಿಗೆ ಎಲ್ಲೋ ನೋಡಿದವನಂತೆ ತೋರುವನು. ಹಣೆಯ ತುಂಬ ವಿಭೂತಿ ಕುಂಕುಮ, ತಲೆಗೆ ಕಾವಿಯ ರುಮಾಲು. ಅವನಿಗೆ ಸ್ವಂತದ ದೀಪವೂ ಇಲ್ಲ. ಪಕ್ಕದ ಕಡಲೆಕಾಯಿ ಮಾರುವವನ ಪಂಜಿನ ಬೆಳಕಿನಲ್ಲಿ ವ್ಯಾಪಾರ. ನಕ್ಷತ್ರಗಳ ವಿಷಯ ಗಿರಾಕಿಗಳಿಗೆ ಎಷ್ಟು ಗೊತ್ತೋ ಅವನಿಗೂ ಅಷ್ಟೇ ಗೊತ್ತು. ಮದುವೆ, ಹಣ, ಬಂಧುಗಳ ಜಂಜಾಟ, ಇವಿಷ್ಟನ್ನು ಬಿಟ್ಟರೆ ಮನುಷ್ಯನಿಗೆ ಬೇರೆ ತಾಪತ್ರಯವಿಲ್ಲವೆಂಬುದನ್ನು ಅರಿತುಕೊಂಡಿದ್ದಾನೆ. ಅದು ಸಾಕಾಗಿದೆ.

ಒಂದು ರಾತ್ರಿ ಅಂಗಡಿ ಎತ್ತುವ ಹೊತ್ತಿಗೆ ಒಬ್ಬ ಒರಟನು ಬಂದು ಎದುರು ಕೂರುತ್ತಾನೆ. ನೀನು ಹೇಳಿದ್ದು ನಿಜವಾದರೆ ಇಷ್ಟು ಕೊಡುತ್ತೇನೆ, ಸುಳ್ಳಾದರೆ ನೀನೇ ನನಗೆ ದಂಡ ತೆರಬೇಕು ಎಂದು ಚೌಕಾಸಿ ಮಾಡುತ್ತಾನೆ. ಅವನು ಚುಟ್ಟ ಹಚ್ಚಿದಾಗ ಕಡ್ಡಿಯ ಬೆಳಕಿನಲ್ಲಿ ಜೋಯಿಸನು ಮುಖವನ್ನು ಗುರುತಿಸಿ ನಡುಗುತ್ತಾನೆ. ಹಿಂದೆ ಹಳ್ಳಿಯಲ್ಲಿ ಕುಡಿತ ಜೂಜುಗಳ ಜಗಳದಲ್ಲಿ ತಾನೇ ಇರಿದು, ಸತ್ತನೆಂದು ಬಾವಿಗೆ ನೂಕಿ ಓಡಿಬಂದ ಮನುಷ್ಯ! ತನ್ನನ್ನು ಇರಿದವನನ್ನು ಹುಡುಕಿ ಕೊಲ್ಲಲೆಂದೇ ಅವನು ಊರೂರು ಅಲೆಯುತ್ತಿದ್ದಾನೆ. ಜೋಯಿಸನು ಅವನನ್ನು ಹೆಸರಿಡಿದು ಕರೆದು, ಇರಿತದ ಕತೆಯನ್ನು ಕಂಡಂತೆ ಹೇಳಿ, ನಿನ್ನ ಶತ್ರು ಲಾರಿಯ ಕೆಳಗೆ ಸಿಕ್ಕಿ ಸತ್ತ, ಇನ್ನು ಊರಿಗೆ ಹೋಗು, ಮತ್ತೆಂದೂ ಮನೆ ಬಿಟ್ಟು ಹೊರಡಬೇಡ ಎನ್ನುತ್ತಾನೆ. ಬಂದವನಿಗೆ ಸಮಾಧಾನವಾಗುತ್ತದೆ. ಚಿಲ್ಲರೆಯನ್ನು ಕೈಗಿಕ್ಕಿ ಹೋಗುತ್ತಾನೆ.

ಇವನು ಕಪಟಿ, ಸರಿ. ಆಡಿದ್ದು ಸುಳ್ಳು, ತನ್ನ ತಲೆ ಉಳಿಸಿಕೊಳ್ಳಲು ಆಡಿದ ಸುಳ್ಳು. ಆದರೆ ಆ ಒಂದು ಸುಳ್ಳಿನಿಂದ ಒಬ್ಬನ ಎದೆಯಲ್ಲಿ ವರ್ಷಗಳಿಂದ ಉರಿಯುತ್ತಿದ್ದ ಹಗೆ ಆರಿತು. ಅವನು ಕೊಲೆಗಾರನಾಗದೆ ಮನೆಗೆ ಮರಳಿದನು. ಜೋಗಿಯ ಕಿಂದರಿಯೂ ದ್ವೀಪದ ಬಿರುಗಾಳಿಯೂ ಮಾಡದ ಕೆಲಸ ಇದು. ಜೋಯಿಸನಿಗೂ ಆ ರಾತ್ರಿಯ ತನಕ ತಾನೊಬ್ಬ ಕೊಲೆಗಾರನೆಂಬ ಭಾರ ಎದೆಯ ಮೇಲಿತ್ತು. ಸತ್ತವನು ಎದ್ದು ಬಂದು ಭವಿಷ್ಯ ಕೇಳಿ ಆ ಭಾರವನ್ನು ಇಳಿಸಿ ಹೋದನು. ಯಾರು ಯಾರಿಗೆ ಕೂಲಿ ಕೊಡಬೇಕಾಗಿತ್ತೆಂಬುದನ್ನು ಬೇತಾಳನೇ ಬಂದು ಕೇಳಬೇಕು.

ಮನೆಗೆ ಬಂದ ಜೋಯಿಸನು ಹೆಂಡತಿಯ ಮುಂದೆ ಹಣದ ಗಂಟನ್ನು ಎಸೆದು ಎಣಿಸೆನ್ನುತ್ತಾನೆ. ಹನ್ನೆರಡೂವರೆ ಆಣೆ. ಮಗು ಬಹಳ ದಿನಗಳಿಂದ ಸಿಹಿ ಕೇಳುತ್ತಿದೆ, ನಾಳೆ ಬೆಲ್ಲವನ್ನೂ ತೆಂಗಿನಕಾಯಿಯನ್ನೂ ತರಬಹುದೆಂದು ಆಕೆಗೆ ಸಂತೋಷ. ಗಿರಾಕಿ ಒಪ್ಪಿಕೊಂಡದ್ದು ಮಾತ್ರ ಒಂದು ರೂಪಾಯಿ. ಮೂರೂವರೆ ಆಣೆ ಕಡಮೆ ಕೊಟ್ಟು ಮೋಸಮಾಡಿದನೆಂದು ಜೋಯಿಸನು ಒಮ್ಮೆ ಬೈಯುತ್ತಾನೆ; ಊಟವಾದ ಮೇಲೆ ಜಗಲಿಯ ಮೇಲೆ ಕೂತು ಹೆಂಡತಿಗೆ ಹಳೆಯ ಕತೆಯನ್ನೆಲ್ಲ ಹೇಳಿ, ಆಕಳಿಸಿ, ಅಲ್ಲಿಯೇ ಮೈಚಾಚುತ್ತಾನೆ.